ಹಿಮದ ಕೆರೆಯ ಮೇಲೆ ಒಂದು ಜಾರುಬಂಡಿಯ ಲೆಕ್ಕ

ನಮ್ಮ ಪತ್ರಿಕೆಯ ಈ ಪುಟಗಳಲ್ಲಿ ತೆರಿಗೆ, ಲೆಕ್ಕಪತ್ರ, ಬ್ಯಾಂಕ್ ಸಾಲ ಮುಂತಾದ ವಿಷಯಗಳನ್ನು ಕುರಿತು ಬರೆಯುತ್ತ ಬಂದಿರುವ ನಾನು ಈ ಬಾರಿ ಮೀನು ಹಿಡಿಯುವವರ ಜಾರುಬಂಡಿಯೊಂದನ್ನು ಕುರಿತು ಬರೆಯಲು ಹೊರಟಿರುವುದು ಸದಸ್ಯ ಮಿತ್ರರಿಗೆ ವಿಚಿತ್ರವೆನಿಸಬಹುದು. ಮೀನು ತಿನ್ನುವ ಅಭ್ಯಾಸ ನನಗಿಲ್ಲ. ಹಿಡಿಯುವ ವಿದ್ಯೆಯಂತೂ ಮೊದಲೇ ಗೊತ್ತಿಲ್ಲ. ಆದರೆ ಲೆಕ್ಕಪರಿಶೋಧನಾ ವರದಿಗಳ ಗಡುವಿನ ಧಾವಂತವೆಲ್ಲ ಮುಗಿದ ಮೇಲೆ, ಕಳೆದ ಚಳಿಗಾಲದಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ಐದು ವಾರ ಇರುವ ಸಂದರ್ಭ ಒದಗಿತು. ಅಲ್ಲಿ ನೆರೆಮನೆಯ ಹಿರಿಯರೊಬ್ಬರ ಗ್ಯಾರೇಜಿನಲ್ಲಿ, ತಲೆಕೆಳಗಾಗಿ ಮಲಗಿಸಿದ್ದ ಹಳೆಯ ಜಾರುಬಂಡಿಯೊಂದರ ಸುತ್ತ ನಾವಿಬ್ಬರೂ ನಾಲ್ಕಾರು ಸಂಜೆಗಳನ್ನು ಕಳೆದೆವು. ಆ ಸಂಜೆಗಳಲ್ಲಿ ನನ್ನ ಟಿಪ್ಪಣಿ ಪುಸ್ತಕಕ್ಕೆ ಸೇರಿದ ಸಂಗತಿಗಳು ನಮ್ಮ ಸಣ್ಣ ಉತ್ಪಾದಕರಿಗೆ ರುಚಿಸಬಹುದೆಂಬ ನಂಬಿಕೆಯಿಂದ ಇದನ್ನು ಬರೆದಿದ್ದೇನೆ.

ಗಡ್ಡೆಗಟ್ಟಿದ ಕೆರೆ

ಮಿನ್ನೆಸೋಟವನ್ನು ಹತ್ತು ಸಾವಿರ ಕೆರೆಗಳ ನಾಡೆಂದು ಕರೆಯುವುದು ರೂಢಿ. ಹತ್ತು ಎಕರೆ ಮತ್ತು ಅದಕ್ಕಿಂತ ದೊಡ್ಡ ಕೆರೆಗಳನ್ನಷ್ಟೇ ಎಣಿಸಿದರೂ ಸಂಖ್ಯೆ 11,842 ಎಂದು ರಾಜ್ಯದ ದಾಖಲೆ ಹೇಳುತ್ತದೆ. ಚಳಿಗಾಲದಲ್ಲಿ ಇವುಗಳ ಮೇಲ್ಮೈ ಗಡ್ಡೆಗಟ್ಟಿ ನೆಲದಂತಾಗುತ್ತದೆ. ಅಡಿಯಲ್ಲಿ ನೀರೂ ಮೀನೂ ಹಾಗೆಯೇ ಇರುತ್ತವೆ. ಜನ ಗಡ್ಡೆಯ ಮೇಲೆ ನಡೆದುಹೋಗಿ, ಬೈರಿಗೆಯಿಂದ ತಟ್ಟೆಯಗಲದ ರಂಧ್ರ ಕೊರೆದು, ಮೊಣಕೈ ಉದ್ದದ ಗಾಳದ ಕೋಲು ಹಿಡಿದು ಕುಳಿತುಬಿಡುತ್ತಾರೆ. ಐದುನೂರು ಚದರ ಕಿಲೋಮೀಟರಿಗೂ ಮಿಕ್ಕ ವಿಸ್ತಾರವಿರುವ ಮಿಲ್ ಲ್ಯಾಕ್ಸ್ ಸರೋವರದ ಮೇಲೆ ಚಳಿಗಾಲದಲ್ಲಿ ಬಾಡಿಗೆ ಗುಡಿಸಲುಗಳ ಊರೇ ಎದ್ದು ನಿಲ್ಲುತ್ತದೆ. ಗಲ್ ಸರೋವರದಲ್ಲಿ ಬ್ರೈನರ್ಡ್ ಪಟ್ಟಣದ ಜೇಸೀಸ್ ಘಟಕದವರು ಸಹಾಯಾರ್ಥವಾಗಿ ನಡೆಸುವ ಮೀನು ಹಿಡಿಯುವ ಸ್ಪರ್ಧೆಗೆ ಸಾವಿರಾರು ಜನ ಬರುತ್ತಾರೆ. ನಮ್ಮಲ್ಲಿ ಹಲವರು ಜೇಸೀಸ್‌ನಲ್ಲಿದ್ದವರೇ. ರಕ್ತದಾನ ಶಿಬಿರ, ಭಾಷಣ ಸ್ಪರ್ಧೆಗಳನ್ನು ನಡೆಸಿದ ನಮಗೆ ಈ ಸಾಧ್ಯತೆ ಹೊಳೆದಿರಲಾರದು.

ಹೀಗೆ ಕುಳಿತುಕೊಳ್ಳುವವರಿಗೆ ಗಾಳಿಯಿಂದ ರಕ್ಷಣೆ ಬೇಕು. ಲಾರಿಯಲ್ಲಿ ಎಳೆದು ತರುವ ಮರದ ಮನೆ ಒಂದು ಕಡೆ ನಿಂತರೆ ನಿಂತಿತು. ಮೀನು ಅಲ್ಲಿ ಇಲ್ಲವೆಂದರೆ ಮಾಡುವುದೇನು? ಮಿನ್ನೆಸೋಟದವರೇ ಆದ ಡೇವ್ ಗೆನ್ಜ್ ಎಂಬುವರು 1980ರ ದಶಕದ ಆರಂಭದ ಹೊತ್ತಿಗೆ ಇದಕ್ಕೊಂದು ಉತ್ತರ ಕಂಡುಕೊಂಡರು. ಜಾರುಬಂಡಿಯೇ ಗೂಡಾರದ ನೆಲ. ಅದರ ಮೇಲೆಯೇ ಆಸನ. ಕೊಳವೆಗಳಿಗೆ ಹೊಲಿದ ಬಟ್ಟೆಯನ್ನು ಹಿಂದಿನಿಂದ ಮುಂದಕ್ಕೆ ಮಗುಚಿದರೆ, ಮಗುವಿನ ತಳ್ಳುಗಾಡಿಯ ಮುಸುಕಿನ ಹಾಗೆ, ಗೂಡಾರ ಸಿದ್ಧ. ಮೀನು ಸಿಗದಿದ್ದರೆ ಮುಸುಕನ್ನು ಹಿಂದಕ್ಕೆ ಸರಿಸಿ ಐವತ್ತು ಮಾರು ಆಚೆಗೆ ಎಳೆದುಕೊಂಡು ಹೋಗಬಹುದು. 'ಫಿಶ್ ಟ್ರ್ಯಾಪ್' ಎಂಬ ಹೆಸರಿನ ಈ ಮಾದರಿ ಆ ವ್ಯಾಪಾರದ ದಿಕ್ಕನ್ನೇ ಬದಲಿಸಿತು. ಇಂದು ಕ್ಲಾಮ್, ಆಟರ್, ಎಸ್ಕಿಮೊ ಮುಂತಾದ ಹಲವು ಹೆಸರುಗಳಲ್ಲಿ ಇಂತಹ ಮಗುಚುವ ಗೂಡಾರಗಳು ದೊರೆಯುತ್ತವೆ.

ಇಲ್ಲಿಯೇ ತೊಡಕು ಆರಂಭವಾಗುವುದು. ಎಳೆದುಕೊಂಡು ಹೋಗಲೆಂದೇ ಹುಟ್ಟಿದ ಈ ಸಾಧನ, ಅನುಕೂಲಗಳು ಹೆಚ್ಚಿದ ಹಾಗೆಲ್ಲ ಎಳೆಯಲಾಗದಂತಾಯಿತು. ಬಟ್ಟೆಗೆ ದಪ್ಪನೆಯ ಅಸ್ತರು ಬಂತು, ಆಸನಕ್ಕೆ ಮೆತ್ತೆ ಬಂತು. ಇಬ್ಬರು ಕೂರುವ ಮಾದರಿ ಈಗ ಬರಿದಾಗಿಯೇ 40–50 ಕಿಲೋ ತೂಗುವುದುಂಟು. ಅದರೊಳಗೆ ಬೈರಿಗೆ, ಗ್ಯಾಸ್ ಒಲೆ, ಮೀನನ್ನು ತೋರಿಸುವ ಸೋನಾರ್ ಯಂತ್ರ, ಅದರ ಬ್ಯಾಟರಿ, ಬಕೆಟ್ಟು, ಊಟದ ಡಬ್ಬಿ. ಕಂಪನಿಗಳವರು ಒಂದು ಮೋಟಾರು ವಾಹನದ ಹಿಂದೆ ಇದನ್ನು ಕಟ್ಟುತ್ತೀರೆಂದು ಭಾವಿಸಿಯೇ ತಯಾರಿಸುತ್ತಾರೆ.

ಎರಡು ನಿರ್ಬಂಧಗಳು

ನೆರೆಮನೆಯ ಹಿರಿಯರಿಗೆ 68 ವರ್ಷ. ಆರೇಳು ಕೆಲಸಗಾರರಿದ್ದ ತಗಡಿನ ಕೆಲಸದ ಸಣ್ಣ ಕಾರ್ಖಾನೆಯನ್ನು ನಡೆಸಿ, ಮಾರಿ, ನಿವೃತ್ತರಾದವರು. ಹೆಸರು ಬೇಡ, ಅವರಿಗೆ ಪ್ರಚಾರ ಇಷ್ಟವಿಲ್ಲ. ನಾನು ಲೆಕ್ಕಪರಿಶೋಧಕನೆಂದು ಮಗಳು ಪರಿಚಯಿಸಿದಾಗ ಅವರು ಒಂದು ಹೆಜ್ಜೆ ಹಿಂದೆ ಸರಿದಂತೆ ನಟಿಸಿ ನಕ್ಕರು. ಸಣ್ಣ ಕೈಗಾರಿಕೆ ನಡೆಸಿದವರೆಲ್ಲ ಯಾವ ದೇಶದಲ್ಲಿದ್ದರೂ ಒಂದೇ ಕುಲ ಎಂದುಕೊಂಡೆ.

ನಾಲ್ಕು ವರ್ಷದ ಹಿಂದೆ, ಡಿಸೆಂಬರ್ ತಿಂಗಳಿನಲ್ಲಿ, ತೊರೆಯೊಂದು ಕೆರೆಗೆ ಸೇರುವ ಜಾಗದ ಸಮೀಪ ಅವರ ನಾಲ್ಕು ಚಕ್ರದ ಎಟಿವಿ ವಾಹನ ಗಡ್ಡೆಯನ್ನು ಒಡೆದುಕೊಂಡು ನೀರಿಗೆ ಇಳಿಯಿತು. ಹರಿವ ನೀರಿನ ಮೇಲೆ ಗಡ್ಡೆ ತೆಳುವಾಗಿರುತ್ತದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಕೊರಳಿಗೆ ನೇತುಹಾಕಿಕೊಂಡಿದ್ದ, ಹಿಡಿಯುಳ್ಳ ಎರಡು ಉಕ್ಕಿನ ಮೊಳೆಗಳನ್ನು ಗಡ್ಡೆಗೆ ಚುಚ್ಚಿ ಚುಚ್ಚಿ ತೆವಳುತ್ತ ಮೇಲೆ ಬಂದರಂತೆ. ಮುಳುಗಿದ ವಾಹನವನ್ನು ಅಲ್ಲಿ ಮಾಲೀಕನೇ ತನ್ನ ಖರ್ಚಿನಲ್ಲಿ ಎತ್ತಿಸಬೇಕು. ಎತ್ತಿಸಿದ ಖರ್ಚು, ಎತ್ತಿದ ಮೇಲೆ ಅದಕ್ಕೆ ಬಂದ ಬೆಲೆಗಿಂತ ಹೆಚ್ಚಾಯಿತು. ಅಂದಿನಿಂದ ಯಂತ್ರ ಹತ್ತಿ ಕೆರೆಗೆ ಇಳಿಯಕೂಡದೆಂದು ಪತ್ನಿಯ ನಿರ್ಬಂಧ. ಎರಡು ವರ್ಷದ ಹಿಂದೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಯಿತು. ಭಾರ ಎಳೆಯಕೂಡದೆಂದು ವೈದ್ಯರ ನಿರ್ಬಂಧ. ಎರಡೂ ನಿರ್ಬಂಧಗಳ ನಡುವೆ ಜಾರುಬಂಡಿ ಗ್ಯಾರೇಜಿನ ಗೋಡೆಗೆ ಒರಗಿ ನಿಂತಿತ್ತು. ಹನ್ನೆರಡನೆಯ ವಯಸ್ಸಿನಿಂದ ಪ್ರತಿ ಚಳಿಗಾಲವೂ ಕೆರೆಯ ಮೇಲೆ ಕುಳಿತವರು ಕಳೆದ ಎರಡು ಚಳಿಗಾಲ ಕಿಟಕಿಯ ಬಳಿ ಕುಳಿತಿದ್ದರು. "ಎಷ್ಟು ಭಾರ ಎಳೆಯಬಹುದೆಂದು ವೈದ್ಯರನ್ನು ಕೇಳಿದಿರಾ?" ಎಂದು ನಾನು ವಿಚಾರಿಸಿದೆ. ಅಂಕಿ ಕೇಳುವುದು ನಮ್ಮ ವೃತ್ತಿಯ ದೋಷ. ಮುಂದಿನ ಭೇಟಿಯಲ್ಲಿ ಅವರು ನಿಜಕ್ಕೂ ಕೇಳಿಕೊಂಡು ಬಂದರು. ತೂಕ ಮುಖ್ಯವಲ್ಲ, ಸೊಂಟದ ಮೇಲೆ ಬೀಳುವ ಎಳೆತ ಏಳೆಂಟು ಕಿಲೋ ಮೀರದಿರಲಿ, ಒಂದೇ ಕೈಯಿಂದ ತಿರುಚಿ ಎಳೆಯಬೇಡಿ ಎಂದಿದ್ದರಂತೆ.

ಬರಿಗಾಲಿನ ನಡಿಗೆಗೂ ಯಂತ್ರಕ್ಕೂ ಇರುವ ಅಂತರವನ್ನು ಇಲ್ಲಿಯೇ ಹೇಳಿಬಿಡಬೇಕು. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆಯಂತೆ ಹೊಸದಾಗಿ ಕಟ್ಟಿದ ಸ್ವಚ್ಛ ಗಡ್ಡೆ ಮನುಷ್ಯ ನಡೆಯಲು ಕನಿಷ್ಠ 4 ಅಂಗುಲ, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಮುಂತಾದವುಗಳಿಗೆ 5ರಿಂದ 7 ಅಂಗುಲ ದಪ್ಪವಿರಬೇಕು. ಹಿಮ ಬೆರೆತ ಬಿಳಿ ಗಡ್ಡೆಯಾದರೆ ಇದರ ಎರಡರಷ್ಟು. ಯಾವ ಗಡ್ಡೆಯೂ ಸಂಪೂರ್ಣ ಸುರಕ್ಷಿತವಲ್ಲವೆಂಬ ಎಚ್ಚರಿಕೆಯೂ ಜೊತೆಗಿದೆ. ಚಳಿಗಾಲದ ಆರಂಭದಲ್ಲಿ, ಮೀನು ಚೆನ್ನಾಗಿ ಕಚ್ಚುವ ದಿನಗಳಲ್ಲಿ, ಗಡ್ಡೆ ನಡೆಯಲು ಸಾಕಾಗಿರುತ್ತದೆ, ಯಂತ್ರಕ್ಕೆ ಸಾಕಾಗಿರುವುದಿಲ್ಲ. ಬಂಡಿ ಎಳೆಯಲಾರದಷ್ಟು ಭಾರವಾದಾಗ ಜನ ಆ ಒಂದೆರಡು ಅಂಗುಲವನ್ನು ಕಡೆಗಣಿಸಿ ಯಂತ್ರ ಇಳಿಸುವ ಆಸೆಗೆ ಬೀಳುತ್ತಾರೆ. ಜಾರುಬಂಡಿ ಸುಲಭವಾಗಿ ಎಳೆಬರುವಂತೆ ಮಾಡುವುದು ಕೇವಲ ಸುಖದ ಪ್ರಶ್ನೆಯಲ್ಲವೆಂಬುದು ನನಗೆ ಮನವರಿಕೆಯಾದದ್ದು ಹೀಗೆ.

ತೂಕದ ಕೊಂಡಿ

ವಿಮಾನ ಪ್ರಯಾಣಕ್ಕೆಂದು ನಾನು ಇಲ್ಲಿಂದ ಒಯ್ದಿದ್ದ ಸಾಮಾನುಗಳಲ್ಲಿ ಪೆಟ್ಟಿಗೆ ತೂಗುವ ಸ್ಪ್ರಿಂಗ್ ಕೊಂಡಿಯೊಂದಿತ್ತು, ಮುಳ್ಳು ತಿರುಗುವ ಹಳೆಯ ಮಾದರಿಯದು. ಅದನ್ನು ಬಂಡಿಯ ಹಗ್ಗಕ್ಕೆ ಸಿಕ್ಕಿಸಿ ಎಳೆದರೆ ಎಳೆತ ಎಷ್ಟೆಂದು ತಿಳಿಯುತ್ತದಲ್ಲವೇ? ಹಿರಿಯರಿಗೆ ಈ ಸಲಹೆ ಬಹಳ ಹಿಡಿಸಿತು. ಸಾಮಾನು ತುಂಬಿದ ಬಂಡಿ ಒಟ್ಟು 68 ಕಿಲೋ ತೂಗಿತು. ಮನೆಯ ಹಿಂದಿನ ತುಳಿದು ಗಟ್ಟಿಯಾದ ಹಿಮದ ಮೇಲೆ, ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿದ್ದ ಒಂದು ಬೆಳಿಗ್ಗೆ, ನಾನು ಕೊಂಡಿ ಹಿಡಿದು ಸಮವೇಗದಲ್ಲಿ ಎಳೆದೆ. ಅವರು ಮುಳ್ಳು ನೋಡಿದರು. ಮುಳ್ಳು ಕುಣಿಯುತ್ತಲೇ ಇದ್ದರೂ ಸುಮಾರು 14 ಕಿಲೋದ ಆಸುಪಾಸಿನಲ್ಲಿತ್ತು. ನಿಂತ ಬಂಡಿ ಕದಲುವ ಕ್ಷಣದಲ್ಲಿ 20ನ್ನು ಮುಟ್ಟಿತು. ಇದು ಪ್ರಯೋಗಾಲಯದ ಅಳತೆಯಲ್ಲ. ಆದರೂ ಎರಡು ವಿಷಯ ಸ್ಪಷ್ಟವಾಯಿತು. ತೂಗುವ ಭಾರದ ಐದನೆಯ ಒಂದು ಪಾಲು ಮಾತ್ರ ಎಳೆಯುವ ಭಾರ. ಮತ್ತು ಆ ಐದನೆಯ ಒಂದು ಎಂಬುದು ವಿಧಿಲಿಖಿತವಲ್ಲ, ಬಂಡಿಯ ಅಡಿ ಮತ್ತು ಹಿಮ ಇವೆರಡರ ಸಂಬಂಧದಿಂದ ಹುಟ್ಟುವಂಥದು.

ಬಂಡಿಯನ್ನು ಮಗುಚಿ ನೋಡಿದಾಗ ಕಾರಣ ಕಾಣಿಸಿತು. ತಳದ ಪ್ಲಾಸ್ಟಿಕ್ಕು ಹಿಂಭಾಗದಲ್ಲಿ ಉದ್ದುದ್ದ ಗೀರುಗಳಿಂದ ನವಿರು ನವಿರಾಗಿ ಎದ್ದಿತ್ತು. ಇದು ಹಿಮದ ಕೆಲಸವಲ್ಲ. ವಾಹನ ನಿಲ್ಲಿಸುವ ಜಾಗದ ಡಾಂಬರು ಮತ್ತು ಜಲ್ಲಿಯ ಮೇಲೆ ಎಳೆದದ್ದರ ಫಲ. ನನಗೆ ತೀರ್ಥಹಳ್ಳಿ ಕಡೆಯ ತೋಟದ ಮನೆಯ ಬಾಲ್ಯ ನೆನಪಾಯಿತು. ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಸೋಗೆ ಹಿಡಿದು ಎಳೆಯುವುದು ನಮ್ಮ ಮಳೆಗಾಲದ ಆಟ. ಒದ್ದೆ ಹುಲ್ಲಿನ ಮೇಲೆ ಹಾಳೆ ಬೆಣ್ಣೆಯಂತೆ ಜಾರುತ್ತಿತ್ತು. ಅಂಗಳದ ಜಂಬಿಟ್ಟಿಗೆಯ ಮೇಲೆ ಎರಡು ಸುತ್ತು ಎಳೆದರೆ ಹರಿದು, ಕುಳಿತವನ ಚಡ್ಡಿಯೂ ಹರಿಯುತ್ತಿತ್ತು. ಹಾಳೆಗೆ ಬೆಲೆಯಿಲ್ಲ, ಇನ್ನೊಂದು ಬೀಳುತ್ತದೆ. ನೂರಾರು ಡಾಲರಿನ ಬಂಡಿಗೆ ಆ ಅನುಕೂಲವಿಲ್ಲ.

ಹಿಮ ಏಕೆ ಜಾರುತ್ತದೆ

ಗಡ್ಡೆಯ ಮೇಲ್ಮೈಯಲ್ಲಿ ತೆಳ್ಳನೆಯ ದ್ರವದಂತಹ ಪದರವಿದೆಯೆಂಬ ಅಭಿಪ್ರಾಯವನ್ನು ಮೈಕೆಲ್ ಫ್ಯಾರಡೆ 1850ರಷ್ಟು ಹಿಂದೆಯೇ ಮುಂದಿಟ್ಟಿದ್ದರು. ಆ ಪದರದ ನಿಜಸ್ವರೂಪದ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇಂದಿಗೂ ನಿಂತಿಲ್ಲ. ನಮ್ಮ ಬಂಡಿಗೆ ಹೆಚ್ಚು ಉಪಯೋಗಕ್ಕೆ ಬರುವುದು 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಪ್ರಕಟಿಸಿದ ವಿವರಣೆ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಖ್ ಎಂಬ ಎತ್ತರದ ತಾಣದಲ್ಲಿ ಪ್ರಯೋಗ ನಡೆಸಿದ ಅವರು, ಉಜ್ಜುವಿಕೆಯಿಂದ ಹುಟ್ಟುವ ಶಾಖವೇ ಹಿಮವನ್ನು ಕೂದಲೆಳೆಯಷ್ಟು ಕರಗಿಸಿ ಜಾರಿಸುವ ನೀರನ್ನು ಒದಗಿಸುತ್ತದೆಂದು ತೋರಿಸಿದರು. ಇದರಿಂದ ವ್ಯವಹಾರಕ್ಕೆ ಬೇಕಾದ ಒಂದು ತೀರ್ಮಾನ ಹೊರಡುತ್ತದೆ. ಲೋಹ ಆ ಶಾಖವನ್ನು ಬೇಗನೆ ಎಳೆದುಕೊಂಡು ಹಂಚಿಬಿಡುತ್ತದೆ. ಪ್ಲಾಸ್ಟಿಕ್ಕು ಹಾಗೆ ಮಾಡುವುದಿಲ್ಲ, ಜೊತೆಗೆ ನೀರನ್ನೂ ಹತ್ತಿಸಿಕೊಳ್ಳುವುದಿಲ್ಲ. ಕೊರೆಯುವ ಚಳಿಯ ಒಣ ಹಿಮದ ಮೇಲೆ ಪಾಲಿಎಥಿಲೀನ್ ಗೆಲ್ಲುತ್ತದೆ. ನುಣುಪಾದ ಬರಿಯ ಗಡ್ಡೆಯ ಮೇಲಾದರೆ ತೆಳು ಉಕ್ಕಿನ ಅಲಗೂ ಚೆನ್ನಾಗಿ ಓಡುತ್ತದೆ. ಸ್ಕೇಟಿಂಗ್ ಮಾಡುವವರ ಪಾದರಕ್ಷೆಯೇ ಸಾಕ್ಷಿ.

ಚಳಿ ಮಿತಿಮೀರಿದರೆ ನೀರಿನ ಪದರ ಹುಟ್ಟುವುದೇ ಕಷ್ಟ. ಆಗ ಹಿಮ ಮರಳಿಗೆ ಸಮಾನ. 1911ರ ದಕ್ಷಿಣ ಧ್ರುವ ಪ್ರದೇಶದ ಚಳಿಗಾಲದ ಕತ್ತಲಲ್ಲಿ ವಿಲ್ಸನ್, ಬವರ್ಸ್ ಮತ್ತು ಚೆರಿ-ಗರಾರ್ಡ್ ಎಂಬ ಮೂವರು ಪೆಂಗ್ವಿನ್ ಮೊಟ್ಟೆಗಳಿಗಾಗಿ ಕೇಪ್ ಕ್ರೋಜಿಯರ್‌ಗೆ ಹೊರಟಾಗ ತಲೆಗೆ ನೂರು ಕಿಲೋಗೂ ಮಿಕ್ಕ ಭಾರ ಎರಡು ಬಂಡಿಗಳಲ್ಲಿತ್ತು. ಉಷ್ಣತೆ ಶೂನ್ಯಕ್ಕಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಇಳಿಯಿತು. ಎರಡು ಬಂಡಿಗಳನ್ನು ಒಟ್ಟಿಗೆ ಎಳೆಯಲಾಗಲಿಲ್ಲ. ಒಂದನ್ನು ಮುಂದೆ ಬಿಟ್ಟು, ಬರಿಗೈಯಲ್ಲಿ ಹಿಂದಿರುಗಿ, ಮತ್ತೊಂದನ್ನು ಎಳೆದು ತರಬೇಕಾಯಿತು. ಒಂದು ಮೈಲಿ ಮುನ್ನಡೆಗೆ ಮೂರು ಮೈಲಿ ನಡಿಗೆ. ಘರ್ಷಣೆಯ ವೆಚ್ಚವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಲೆಕ್ಕವನ್ನು ನಾನು ಕಂಡಿಲ್ಲ.

ಸವೆಯಲೆಂದೇ ಹಾಕಿದ ಪಟ್ಟಿ

ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಜನರು ಬಂಡಿಯ ಕಾಲುಗಳಿಗೆ ಒದ್ದೆ ಮಣ್ಣನ್ನು ಮೆತ್ತಿ ಹೆಪ್ಪುಗಟ್ಟಿಸಿ, ಅದರ ಮೇಲೆ ನೀರು ಸವರಿ ಗಾಜಿನಂತಹ ಗಡ್ಡೆಯ ಲೇಪ ಕೊಡುತ್ತಿದ್ದರು. ಲೇಪ ಸವೆದರೆ ಮತ್ತೆ ನೀರು, ಮತ್ತೆ ಲೇಪ. ಮರ ಸವೆಯುವುದಿಲ್ಲ, ಸವೆಯುವುದು ನೀರು. ಹಿರಿಯರು ತಮ್ಮ ಬಂಡಿಗೆ ಮಾಡಲು ಹೊರಟದ್ದೂ ತತ್ತ್ವದಲ್ಲಿ ಇದೇ. ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್, ಎಂದರೆ ನಮ್ಮ ಸದಸ್ಯರು ದಿನವೂ ಹೇಳುವ ಎಚ್‌ಡಿಪಿಇ, ಅದರ ಮೂರು ಪಟ್ಟಿಗಳನ್ನು ಬಂಡಿಯ ಅಡಿಗೆ ಉದ್ದುದ್ದವಾಗಿ ಬೋಲ್ಟು ಹಾಕಿ ಕೂರಿಸುವುದು. ಅಲ್ಲಿನ ಅಂಗಡಿಗಳಲ್ಲಿ ಇವು ಸಿದ್ಧವಾಗಿಯೇ ದೊರೆಯುತ್ತವೆ. ಬೆಲೆ ಹೊಸ ಗೂಡಾರದ ಬೆಲೆಯ ಹತ್ತನೆಯ ಒಂದು ಪಾಲಿನ ಆಸುಪಾಸು.

ಪಟ್ಟಿಗಳಿಂದ ಮೂರು ಕೆಲಸವಾಗುತ್ತದೆ. ಗೀರುಬಿದ್ದ ತಳ ಹಿಮಕ್ಕೆ ತಾಗುವುದು ತಪ್ಪಿ ನುಣುಪಾದ ಪಟ್ಟಿ ಮಾತ್ರ ತಾಗುತ್ತದೆ. ಗಾಳಿ ಬೀಸುವ ಬರಿ ಗಡ್ಡೆಯ ಮೇಲೆ ಬಂಡಿ ಅಡ್ಡಕ್ಕೆ ಜಾರದೆ ನೇರವಾಗಿ ಹಿಂಬಾಲಿಸುತ್ತದೆ. ಮತ್ತು ಡಾಂಬರಿನ ಸವೆತವೆಲ್ಲ ಪಟ್ಟಿಯ ಪಾಲಿಗೆ ಹೋಗುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಸ್ಥಿರಾಸ್ತಿಯ ಸವಕಳಿಯನ್ನು ಬಿಡಿಭಾಗದ ದುರಸ್ತಿ ವೆಚ್ಚವಾಗಿ ಮಾರ್ಪಡಿಸಿದಂತಾಯಿತು.

ಕೆಲಸದ ವಿವರಗಳಲ್ಲಿ ಹಿರಿಯರ ಕಾರ್ಖಾನೆಯ ಅನುಭವ ಕಾಣುತ್ತಿತ್ತು. ಬೋಲ್ಟಿನ ತಲೆ ಪಟ್ಟಿಯ ಮೈಗಿಂತ ಒಳಗೆ ಮುಳುಗುವಂತೆ ಕುಳಿ ತೋಡಬೇಕು; ಒಂದು ತಲೆ ಹೊರಚಾಚಿದರೂ ಅದು ನೇಗಿಲ ಗುಳದಂತೆ ಹಿಮವನ್ನು ಉಳುತ್ತದೆ. ಬಂಡಿಯ ಒಳಗಡೆ ಅಗಲ ವಾಷರು ಹಾಕದಿದ್ದರೆ ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಬೋಲ್ಟು ತೂರಿ ಹೊರಬರುತ್ತದೆ. ಅದುರಿ ಸಡಿಲವಾಗದ ನೈಲಾನ್ ಉಂಗುರದ ನಟ್ಟು ಬೇಕು. ರಂಧ್ರಕ್ಕೆ ಸಿಲಿಕೋನ್ ತುಂಬದಿದ್ದರೆ ನೀರು ಒಳಬರುತ್ತದೆ. ಹಣ ಉಳಿಸಲೆಂದು ಪಿವಿಸಿ ಕೊಳವೆಯನ್ನು ಉದ್ದಕ್ಕೆ ಸೀಳಿ ಹಾಕುವವರುಂಟು. ಆ ಚಳಿಗೆ ಪಿವಿಸಿ ಪೆಡಸಾಗಿ ಸಿಡಿಯುತ್ತದೆ, ಎಚ್‌ಡಿಪಿಇ ಸಿಡಿಯುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಎಚ್‌ಡಿಪಿಇ ಪಟ್ಟಿಯನ್ನು ಮರದ ಚೌಕಟ್ಟಿಗೆ ಹಾಕುವುದಾದರೆ ಮಧ್ಯದ ಒಂದು ರಂಧ್ರ ಬಿಟ್ಟು ಉಳಿದವನ್ನು ಉದ್ದನೆಯ ಗಾಡಿಗಳಾಗಿ ಕೊರೆಯಬೇಕು. ಬೆಚ್ಚನೆಯ ಗ್ಯಾರೇಜಿನಿಂದ ಕೆರೆಗೆ ಹೋದಾಗ ಉಷ್ಣತೆ 40 ಡಿಗ್ರಿ ಇಳಿದರೆ ಒಂದೂವರೆ ಮೀಟರಿನ ಪಟ್ಟಿ ಎಂಟು ಹತ್ತು ಮಿಲಿಮೀಟರ್ ಕುಗ್ಗುತ್ತದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಬಂಡಿಯ ತಳವೂ ಪಾಲಿಎಥಿಲೀನ್ ಆದ್ದರಿಂದ ನಮಗೆ ಈ ತೊಂದರೆ ಬರಲಿಲ್ಲ, ಎರಡೂ ಜೊತೆಯಾಗಿ ಕುಗ್ಗುತ್ತವೆ.

ಪಟ್ಟಿ ಹಾಕಿದ ಮೇಲೆ, ಅದೇ 68 ಕಿಲೋ ಭಾರ, ಅದೇ ಜಾಗ, ಹೆಚ್ಚು ಕಡಿಮೆ ಅದೇ ಚಳಿ: ಮುಳ್ಳು 9 ಕಿಲೋದ ಹತ್ತಿರ ನಿಂತಿತು.

ಎಲ್ಲ ಹಿಮಕ್ಕೂ ಇದೇ ಮದ್ದೆಂದು ತಿಳಿಯಬಾರದು. ಮೊಣಕಾಲುದ್ದದ ಸಡಿಲ ಹಿಮದಲ್ಲಿ ಕಿರಿದಾದ ಪಟ್ಟಿ ಮುಳುಗುತ್ತದೆ. ಅಲ್ಲಿ ಎಳೆತದ ಬಹುಭಾಗ ವೆಚ್ಚವಾಗುವುದು ಉಜ್ಜುವಿಕೆಗಲ್ಲ, ಹಿಮವನ್ನು ಒತ್ತಿ ದಾರಿ ಮಾಡಿಕೊಳ್ಳುವುದಕ್ಕೆ. ಅದಕ್ಕಾಗಿಯೇ ಉತ್ತರ ಯುರೋಪಿನ ಸಾಮಿ ಜನರ ಬಂಡಿ ದೋಣಿಯಾಕಾರದ್ದು, ಹಿಮದ ಮೇಲೆ ತೇಲುವಂಥದು. 1888ರಲ್ಲಿ ಗ್ರೀನ್‌ಲ್ಯಾಂಡನ್ನು ದಾಟಿದ ನಾರ್ವೆಯ ನಾನ್ಸೆನ್ ಬಂಡಿಯ ಕಾಲುಗಳನ್ನು ಸ್ಕೀ ಹಲಗೆಯಷ್ಟು ಅಗಲ ಮಾಡಿಸಿದ್ದರು; ಕೀಲುಗಳಿಗೆ ಮೊಳೆ ಹೊಡೆಯದೆ ಬಿಗಿದು ಕಟ್ಟಿಸಿದ್ದರು, ಏರಿಳಿತಕ್ಕೆ ಬಂಡಿ ಬಳುಕಲೆಂದು. ಇಂದಿನ ಮಿನ್ನೆಸೋಟದವರು ಹಳೆಯ ಸ್ಕೀ ಜೋಡಿಯೊಂದನ್ನು ಹಳೆ ಸಾಮಾನಿನ ಅಂಗಡಿಯಿಂದ ತಂದು, ಅದರ ಮೇಲೆ ಮರದ ತುಂಡುಗಳನ್ನು ನಿಲ್ಲಿಸಿ, ಅಡ್ಡಪಟ್ಟಿ ಜೋಡಿಸಿ, ಇಡೀ ಗೂಡಾರವನ್ನು ಅದರ ಮೇಲೆ ಕೂರಿಸಿ ಬೆಲ್ಟಿನಿಂದ ಬಿಗಿಯುತ್ತಾರೆ. ಸ್ಮಿಟ್ಟಿ ಬಂಡಿ ಎಂದು ಅದರ ಹೆಸರು. ಗಟ್ಟಿ ಹಿಮ ಮತ್ತು ಬರಿ ಗಡ್ಡೆಯ ಮೇಲೆ ಅದನ್ನು ಸರಿಗಟ್ಟುವುದು ಮತ್ತೊಂದಿಲ್ಲ ಎನ್ನುತ್ತಾರೆ. ಆಳವಾದ ಹಿಮದಲ್ಲಿ ಅಡ್ಡಪಟ್ಟಿಗಳು ಹಿಮವನ್ನು ದೂಡತೊಡಗಿದರೆ ಮಾತ್ರ ಆಟ ಮುಗಿಯಿತು.

ಮೇಣ, ಸಿಲಿಕೋನ್ ಸಿಂಪಡಿಕೆ ಮೊದಲಾದ ಉಪಾಯಗಳೂ ಇವೆ. ಸ್ವಲ್ಪ ದೂರ ಕೆಲಸ ಮಾಡುತ್ತವೆ, ಅಷ್ಟೇ.

ಹಗ್ಗ, ಸೊಂಟ, ಸಾಮಾನು

ಹಗ್ಗದ ಕೋನದ ವಿಷಯವಾಗಿ ಅಲ್ಲಿ ಬಿಸಿಬಿಸಿ ವಾದಗಳು ನಡೆಯುತ್ತವೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಎಳೆತ ತೂಕದ ಹತ್ತನೆಯ ಒಂದು ಪಾಲು ಎಂದಿಟ್ಟುಕೊಂಡರೆ ಅತ್ಯುತ್ತಮ ಕೋನ ಸುಮಾರು 6 ಡಿಗ್ರಿ. ಅದು 20 ಡಿಗ್ರಿಯಾದರೂ ನಷ್ಟ ನೂರಕ್ಕೆ ಮೂರೇ. ಆದರೆ ಮೋಟು ಹಗ್ಗವನ್ನು ಕೈಯಲ್ಲಿ ಹಿಡಿದು 45 ಡಿಗ್ರಿಯಲ್ಲಿ ಎಳೆದರೆ ನೂರಕ್ಕೆ 29ರಷ್ಟು ಹೆಚ್ಚು ಬಲ ಬೇಕು. ಎಂದಮೇಲೆ ಕೋನಮಾಪಕ ಹಿಡಿದು ಕೂರಬೇಕಾಗಿಲ್ಲ, ಹಗ್ಗ ಎರಡೂವರೆ ಮೂರು ಮೀಟರು ಇದ್ದರೆ ಸಾಕು. ಅದಕ್ಕಿಂತ ಮುಖ್ಯವಾದದ್ದು ಹಗ್ಗ ಎಲ್ಲಿಗೆ ಕಟ್ಟಿದೆ ಎಂಬುದು. ಕೈಗೆ ಕಟ್ಟಿದರೆ ಬೆನ್ನು ತಿರುಚುತ್ತದೆ. ಅಗಲವಾದ ಸೊಂಟಪಟ್ಟಿಗೆ ಕಟ್ಟಿದರೆ ತೊಡೆಗಳು ದುಡಿಯುತ್ತವೆ. ಹಿರಿಯರು ಹಳೆಯ ಕಾರಿನ ಸೀಟು ಬೆಲ್ಟಿನಿಂದ ಒಂದನ್ನು ತಾವೇ ಹೊಲಿದುಕೊಂಡರು.

ಸಾಮಾನಿನ ಪರಿಶೀಲನೆ ನನ್ನ ಪಾಲಿಗೆ ಬಂತು. ದಾಸ್ತಾನು ಪರಿಶೀಲನೆಯಲ್ಲಿ ನಾವು ಕೇಳುವ ಪ್ರಶ್ನೆಯನ್ನೇ ಕೇಳಿದೆ: ಇದು ಕೊನೆಯ ಬಾರಿ ಉಪಯೋಗವಾದದ್ದು ಎಂದು? ಪೆಟ್ರೋಲಿನ ಬೈರಿಗೆ ಸುಮಾರು 14 ಕಿಲೋ. ಬ್ಯಾಟರಿಯ ಡ್ರಿಲ್ಲಿಗೆ ಹಗುರವಾದ ಕೊರೆಯುವ ಅಲಗು ಸಿಕ್ಕಿಸಿದರೆ ಅದರ ಅರ್ಧಕ್ಕಿಂತ ಕಡಿಮೆ. ಸೋನಾರ್ ಯಂತ್ರದ ಸೀಸದ ಬ್ಯಾಟರಿ ಎರಡೂವರೆ ಕಿಲೋ. ಅಷ್ಟೇ ಶಕ್ತಿಯ ಲಿಥಿಯಂ ಬ್ಯಾಟರಿ ಒಂದು ಕಿಲೋ. ಎರಡನೆಯ ಆಸನವನ್ನು ಬಿಚ್ಚಿದೆವು. ಮೂರು ವರ್ಷದಿಂದ ತೆರೆಯದ ಗಾಳಗಳ ಪೆಟ್ಟಿಗೆಯೊಂದನ್ನು ಮನೆಯಲ್ಲೇ ಬಿಡಿಸಲು ಮಾತ್ರ ಬಹಳ ಚರ್ಚೆಯಾಯಿತು. ಅದು ಅವರ ತಂದೆಯದು. ಕೊನೆಗೆ ಅದರಿಂದ ಒಂದೇ ಗಾಳವನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಒಟ್ಟು 16 ಕಿಲೋ ಇಳಿಯಿತು. 52 ಕಿಲೋ ಬಂಡಿಯ ಎಳೆತ 7 ಕಿಲೋ. ಭಾರವಾದ ವಸ್ತುಗಳನ್ನು ಮಧ್ಯಕ್ಕಿಂತ ತುಸು ಹಿಂದಿಟ್ಟರೆ ಮೂತಿ ಹಗುರವಾಗಿ ಹಿಮದ ಮೇಲೆ ಏರುತ್ತದೆ ಎಂಬುದನ್ನೂ ಆಗ ನೋಡಿದೆ.

ಹಿಮಗಡ್ಡೆಯ ಕೆರೆಗೊಂದು ಕೆಟ್ಟ ಗುಣವಿದೆ. ಮೇಲೆ ಬಿದ್ದ ಹಿಮದ ಭಾರಕ್ಕೆ ಗಡ್ಡೆ ಕುಸಿದು ಬಿರುಕುಗಳಿಂದ ನೀರು ಮೇಲೆ ಬರುತ್ತದೆ. ಹಿಮದ ಹೊದಿಕೆಯಡಿ ಅದು ಗಡ್ಡೆಯಾಗದೆ ಕೆಸರಾಗಿ ನಿಲ್ಲುತ್ತದೆ. ಅದರ ಮೇಲೆ ಎಳೆದ ಬಂಡಿ ನಿಂತ ಕೂಡಲೆ ಅಡಿಯಲ್ಲಿ ಗಡ್ಡೆ ಬೆಳೆಯುತ್ತದೆ, ಇಲ್ಲವೇ ಬಂಡಿಯೇ ಕೆರೆಗೆ ಅಂಟಿಕೊಳ್ಳುತ್ತದೆ. ನಿಲ್ಲಿಸಿದಾಗ ಅಡಿಗೆ ಎರಡು ಮರದ ತುಂಡು ಕೊಡುವುದು, ಹೊರಡುವ ಮುನ್ನ ಪಕ್ಕಕ್ಕೆ ಅಲುಗಿಸಿ ಬಿಡಿಸುವುದು, ಇವೇ ಉಪಾಯ.

ತಯಾರಕರ ಕಡೆಯಿಂದ

ಈ ಬಂಡಿಗಳ ಒಡಲನ್ನು ಹೆಚ್ಚಾಗಿ ರೋಟೊ ಮೋಲ್ಡಿಂಗ್ ವಿಧಾನದಿಂದ, ಎಂದರೆ ನಮ್ಮ ತಾರಸಿಗಳ ಮೇಲಿನ ನೀರಿನ ಟ್ಯಾಂಕುಗಳನ್ನು ಮಾಡುವ ವಿಧಾನದಿಂದಲೇ ಮಾಡುತ್ತಾರೆ. ಪಾಲಿಎಥಿಲೀನ್ ಪುಡಿಯನ್ನು ಅಚ್ಚಿನಲ್ಲಿ ಹಾಕಿ, ಒಲೆಯಲ್ಲಿ ತಿರುಗಿಸುತ್ತ ಕರಗಿಸಿ, ತಣಿಸಿ ತೆಗೆಯುವುದು. ಅಗ್ಗದ ಬಂಡಿಗಳನ್ನು ಕಾಯಿಸಿದ ಹಾಳೆಯನ್ನು ಅಚ್ಚಿಗೆ ಎಳೆದು ತಯಾರಿಸುತ್ತಾರೆ. ರೋಟೊ ವಿಧಾನದಲ್ಲಿ ಅಚ್ಚಿನ ವೆಚ್ಚ ಕಡಿಮೆ, ಸಮಯ ಹೆಚ್ಚು. ಸಣ್ಣ ಪ್ರಮಾಣದ ಉತ್ಪಾದನೆಗೆ ಹೇಳಿಸಿದಂಥದು. ಟ್ಯಾಂಕು ತಯಾರಿಸುವ ನಮ್ಮ ಸದಸ್ಯರಿಗೆ ಇದರಲ್ಲಿ ಹೊಸದೇನೂ ಕಾಣದು. ಆದರೆ ಆ ವ್ಯಾಪಾರದ ಅಪಾಯ ಬೇರೆ ಬಗೆಯದು. 2023–24ರ ಚಳಿಗಾಲ ಮಿನ್ನೆಸೋಟದ ದಾಖಲೆಗಳಲ್ಲೇ ಅತಿ ಬೆಚ್ಚನೆಯದಾಯಿತು. ಕೆರೆಗಳು ತಡವಾಗಿ, ತೆಳುವಾಗಿ ಕಟ್ಟಿದವು. ಬೇಸಿಗೆಯಲ್ಲೇ ತಯಾರಿಸಿ ಅಂಗಡಿಗಳಿಗೆ ಕಳುಹಿಸಿದ ಮಾಲು ಅಲ್ಲೇ ಉಳಿಯಿತು. ಹಿಮ ಬೀಳದ ಕಾರಣ ನಷ್ಟಕ್ಕೊಳಗಾದ ಉದ್ದಿಮೆಗಳಿಗೆ ಅಮೆರಿಕದ ಸಣ್ಣ ಉದ್ದಿಮೆಗಳ ಆಡಳಿತ ಸಂಸ್ಥೆ 2024ರಲ್ಲಿ ಕಡಿಮೆ ಬಡ್ಡಿಯ ವಿಪತ್ತು ಸಾಲ ನೀಡಲು ಮುಂದೆ ಬಂದಿತು. ಬರಗಾಲದ ಸಾಲವನ್ನು ನಾವು ಬಲ್ಲೆವು. ಚಳಿ ಬರಲಿಲ್ಲವೆಂದು ಸಾಲ ಕೊಡುವುದನ್ನು ನಾನು ಕೇಳಿದ್ದು ಅದೇ ಮೊದಲು.

ಇಂತಹ ವರ್ಷ ಹೊಸ ಗೂಡಾರವನ್ನು ಯಾರೂ ಕೊಳ್ಳುವುದಿಲ್ಲ. ಇರುವ ಗೂಡಾರಕ್ಕೆ ಪಟ್ಟಿ, ಸೊಂಟಪಟ್ಟಿ, ಹಗುರ ಬ್ಯಾಟರಿಗಳನ್ನು ಕೊಳ್ಳುವವರು ಇರುತ್ತಾರೆ, ಅದರಲ್ಲೂ ಗಡ್ಡೆ ತೆಳುವಾಗಿ ಯಂತ್ರ ಇಳಿಸಲಾಗದೆ ನಡೆದೇ ಹೋಗಬೇಕಾದಾಗ. ಮುಖ್ಯ ಸರಕಿಗಿಂತ ಸವೆಯುವ ಬಿಡಿಭಾಗದ ವ್ಯಾಪಾರ ಸ್ಥಿರವಾದದ್ದೆಂದು ಹಿರಿಯರ ಅಭಿಪ್ರಾಯ. ನಾನು ಪೂರ್ತಿ ಒಪ್ಪಲಿಲ್ಲ. ಹೊಸ ಬಂಡಿಗಳೇ ಮಾರಾಟವಾಗದಿದ್ದರೆ ಹತ್ತು ವರ್ಷದ ಮೇಲೆ ಪಟ್ಟಿ ಯಾವುದಕ್ಕೆ ಹಾಕುವುದು? ವಾದ ಮುಗಿಯುವ ಮೊದಲೇ ಅವರ ಪತ್ನಿ ಕಾಫಿಗೆ ಕರೆದರು.

ಫೆಬ್ರವರಿಯ ಒಂದು ಬೆಳಿಗ್ಗೆ

ನಾನು ಹೊರಡುವ ವಾರ ಉಷ್ಣತೆ ಶೂನ್ಯಕ್ಕಿಂತ ಎಂಟೊಂಬತ್ತು ಡಿಗ್ರಿ ಕೆಳಗಷ್ಟೇ ಇತ್ತು. ಬಂಡಿಯನ್ನು ಡಾಂಬರಿನ ಮೇಲೆ ಎಳೆಯದೆ ಇಬ್ಬರೂ ಹೊತ್ತು ದಡ ಸೇರಿಸಿದೆವು. ಹಿರಿಯರು ಉದ್ದನೆಯ ಹಾರೆಯಿಂದ ಹತ್ತು ಹೆಜ್ಜೆಗೊಮ್ಮೆ ಗಡ್ಡೆಯನ್ನು ಕುಟ್ಟಿ ಸದ್ದು ಕೇಳುತ್ತ ಮುಂದೆ ಹೋದರು. ಮೊದಲ ರಂಧ್ರದಲ್ಲಿ ಅಳೆದಾಗ 11 ಅಂಗುಲ. ಗಾಳಿ ಹಿಮವನ್ನು ಗುಡಿಸಿ ಹಾಕಿದ್ದ ಬರಿ ಗಡ್ಡೆಯ ಮೇಲೆ ಕೊಂಡಿಯ ಮುಳ್ಳು 3 ಕಿಲೋ ದಾಟಲಿಲ್ಲ. ನಾನು ಎಳೆಯುತ್ತೇನೆಂದರೂ ಬಿಡದೆ ಅವರೇ ಸೊಂಟಪಟ್ಟಿ ಬಿಗಿದುಕೊಂಡು ಅರ್ಧ ಮೈಲಿ ನಡೆದರು. ಪತ್ನಿ ದಡದ ಮೇಲೆ ಕಾರಿನಲ್ಲಿ ಕುಳಿತು ದುರ್ಬೀನಿನಿಂದ ನೋಡುತ್ತಲೇ ಇದ್ದರು. ನನಗೆ ಬಕೆಟ್ಟು ಹೊರುವ ಕೆಲಸ. ನಾಲ್ಕು ಗಂಟೆಗಳಲ್ಲಿ ಅವರಿಗೆ ಎರಡು ಪರ್ಚ್ ಮೀನು ಸಿಕ್ಕವು. ತಂದೆಯ ಗಾಳಕ್ಕೆ ಏನೂ ಕಚ್ಚಲಿಲ್ಲ. ಹಿಂದಿರುಗುವಾಗಲೂ ಬಂಡಿಯನ್ನು ಅವರೇ ಎಳೆದರು.

ತೂಕದ ಕೊಂಡಿಯನ್ನು ಅವರಿಗೇ ಕೊಟ್ಟು ಬಂದೆ. ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ಎರಡು ಕಿಲೋ ಹೆಚ್ಚಾಗಿತ್ತು. ಮಗಳು ಕೊಟ್ಟಿದ್ದ ಎರಡು ಡಬ್ಬಿಗಳನ್ನು ಅಲ್ಲೇ ತೆಗೆದು ಅವಳ ಕೈಗೆ ಹಿಂದಿರುಗಿಸಬೇಕಾಯಿತು.